ಗಾಳಿ ತಿಂದವರ ಲೆಕ್ಕ

ತಮ್ಮಾ, ಸೈಕಲ್ ರೇಸಿನಲ್ಲಿ ಎಡ್ಡಿ ಮರ್ಕ್ಸ್ ದೊಡ್ಡವನೋ ಪೊಗಾಚಾರ್ ದೊಡ್ಡವನೋ ಅಂತ ನೀವೆಲ್ಲ ಕಟ್ಟೆ ಮೇಲೆ ಕೂತು ವಾದಿಸುವುದನ್ನು ಕೇಳುತ್ತಿರುತ್ತೇನೆ. ಒಬ್ಬ ಮರ್ಕ್ಸನ ಐದು ಟೂರ್ ಡಿ ಫ್ರಾನ್ಸ್ ಎಣಿಸುತ್ತಾನೆ, ಇನ್ನೊಬ್ಬ ಪೊಗಾಚಾರ್ 2025ಕ್ಕೇ ನಾಲ್ಕು ಮುಗಿಸಿದ ಎನ್ನುತ್ತಾನೆ. ವಾದ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಗೆದ್ದವನ ಮುಂದೆ ಗಾಳಿ ತಿಂದವರು ಯಾರು ಅಂತಲೂ ಕೇಳಿ.

ಗಾಳಿಯ ಸಂಗತಿ ನಮ್ಮೂರವರಿಗೆ ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ಕೋಟುಮಚಗಿಯಿಂದ ಗದಗಿನ ಕಡೆ ಸೈಕಲ್ ತುಳಿದವನಿಗೆ ಗೊತ್ತು: ಎರಿ ಹೊಲದ ಬಯಲು, ಮರದ ಮರೆಯಿಲ್ಲ, ಪಡುವಣ ಗಾಳಿ ಎದೆಗೇ ಬಡಿಯುತ್ತದೆ. ಮುಂದಿನವನ ಹಿಂದಿನ ಗಾಲಿಗೆ ಗೇಣು ದೂರದಲ್ಲಿ ಅಂಟಿಕೊಂಡರೆ ಅದೇ ದಾರಿ ಹಗುರ. ಶ್ರಮದಲ್ಲಿ ಮೂರನೇ ಒಂದು ಪಾಲಿನಷ್ಟು ಉಳಿಯುತ್ತದೆ. ಆ ಉಳಿತಾಯ ಯಾರ ಕಾಲಿಗೆ ಸೇರಬೇಕು ಎನ್ನುವುದರ ಮೇಲೆಯೇ ರೋಡ್ ರೇಸಿನ ತಂತ್ರವೆಲ್ಲ ನಿಂತಿದೆ.

ಮೊದಲು ಹೀಗಿರಲಿಲ್ಲ. 1913ರ ಟೂರ್‌ನಲ್ಲಿ ಟೂರ್ಮಾಲೆ ಬೆಟ್ಟ ಇಳಿಯುವಾಗ ಯುಜೀನ್ ಕ್ರಿಸ್ಟೋಫನ ಸೈಕಲ್ಲಿನ ಫೋರ್ಕ್ ಮುರಿಯಿತು. ಸೈಕಲ್ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದ, ಕೆಳಗಿನ ಹಳ್ಳಿಯ ಕಮ್ಮಾರನ ಕುಲುಮೆಯಲ್ಲಿ ತಾನೇ ಕಾಸಿ ಬಡಿದು ಬೆಸೆದ. ತಿದಿ ಒತ್ತಲು ಒಬ್ಬ ಹುಡುಗನ ಕೈ ಬಳಸಿದ್ದಕ್ಕೆ ದಂಡ ಬಿತ್ತು! ನೆರವೇ ತಪ್ಪಾಗಿದ್ದ ಕಾಲ ಅದು. 1934ರ ಹೊತ್ತಿಗೆ ನೆರವು ಕರ್ತವ್ಯವಾಗಿತ್ತು. ಇಪ್ಪತ್ತರ ಹುಡುಗ ರೆನೆ ವಿಯೆಟ್ಟೊ ತನ್ನ ಮುಂದಿನ ಗಾಲಿ ಬಿಚ್ಚಿ ನಾಯಕ ಆಂಟೊನಿನ್ ಮಾನ್‌ಗೆ ಕೊಟ್ಟ. ಮರುದಿನ ಬೆಟ್ಟ ಇಳಿಯುತ್ತಿದ್ದವನು ಹಿಂದಕ್ಕೆ ಹತ್ತಿ ಹೋಗಿ ಸೈಕಲ್ಲನ್ನೇ ಕೊಟ್ಟ. ಆ ಟೂರ್ ಮಾನ್ ಗೆದ್ದ, ವಿಯೆಟ್ಟೊ ಐದನೆಯವನಾದ.

ಇನ್ನು ನೀವು ವಾದಿಸುವ ಆ ಇಬ್ಬರ ವಿಷಯ. 1969ರಲ್ಲಿ ಅದೇ ಟೂರ್ಮಾಲೆಯ ನೆತ್ತಿಯ ಹತ್ತಿರ ಮರ್ಕ್ಸ್ ತನ್ನದೇ ತಂಡದ ಮಾರ್ಟಿನ್ ವಾನ್ ಡೆನ್ ಬಾಸ್‌ನನ್ನು ಹಿಂದೆ ಹಾಕಿ ಮೊದಲು ಶಿಖರ ದಾಟಿದ, ಮುಂದೆ ನೂರ ನಲವತ್ತು ಕಿಲೋಮೀಟರ್ ಒಬ್ಬನೇ ತುಳಿದ. 2024ರ ಜ್ಯೂರಿಕ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪೊಗಾಚಾರ್ ಇನ್ನೂ ನೂರು ಕಿಲೋಮೀಟರ್ ಇರುವಾಗಲೇ ಗುಂಪು ಬಿಟ್ಟು ಹಾರಿದ. ಮುಂದೆ ಹೋಗಿದ್ದ ದೇಶಬಾಂಧವ ಯಾನ್ ಟ್ರಾಟ್ನಿಕ್ ಕಾದು ನಿಂತು ಅವನನ್ನು ಎಳೆದ. ಕಸುವು ನೋಡಿದರೆ ನನ್ನ ಮತ ಮರ್ಕ್ಸನಿಗೇ. ಆದರೆ ಜೊತೆಯಲ್ಲಿ ತುಳಿಯಲು ಒಬ್ಬನನ್ನು ಆರಿಸು ಅಂದರೆ ಟ್ರಾಟ್ನಿಕ್‌ನನ್ನು ಕರೆಯುತ್ತೇನೆ.

ನಮ್ಮ ಕಡೆ ವಿಜಯಪುರ, ಬಾಗಲಕೋಟೆ, ಗದಗ, ಚಂದರಗಿಯ ಹುಡುಗ ಹುಡುಗಿಯರು ಸೈಕ್ಲಿಂಗ್‌ನಲ್ಲಿ ಹೆಸರು ಮಾಡಿದ್ದಾರೆ. ನೀನೂ ಆ ದಾರಿ ಹಿಡಿಯುವುದಾದರೆ ಟೀಮ್ ಟೈಮ್ ಟ್ರಯಲ್ಲನ್ನು ಮನಸ್ಸಿಟ್ಟು ಕಲಿ. 1960ರಿಂದ 1992ರವರೆಗೆ ಒಲಿಂಪಿಕ್ಸ್‌ನಲ್ಲಿ ನೂರು ಕಿಲೋಮೀಟರಿನ ಈ ಸ್ಪರ್ಧೆ ಇತ್ತು: ನಾಲ್ವರು ಹೊರಡಬೇಕು, ಮೂರನೆಯವನು ಗೆರೆ ಮುಟ್ಟಿದ ಸಮಯವೇ ಲೆಕ್ಕ. ಕಸುವಿದ್ದವನು ಜೋರು ಮಾಡಿ ಜೊತೆಯವರನ್ನು ಉದುರಿಸಿದರೆ ತನ್ನ ತಂಡವನ್ನು ತಾನೇ ಸೋಲಿಸಿದಂತೆ. ನಿನ್ನಲ್ಲಿ ಶಕ್ತಿ ಹೆಚ್ಚಿದ್ದ ದಿನ ವೇಗ ಏರಿಸಬೇಡ, ಅದೇ ವೇಗದಲ್ಲಿ ಇನ್ನಷ್ಟು ಹೊತ್ತು ಮುಂದಿರು. ದಣಿದಿದ್ದರೆ ಮುಚ್ಚಿಡದೆ ಹೇಳಿ ಹಿಂದೆ ಸರಿ.

ಇನ್ನೊಂದು. ಟೂರ್ ಗೆದ್ದವನು ಬಹುಮಾನದ ಹಣವನ್ನು ಜೊತೆಗಾರರಿಗೆ ಹಂಚುವುದು ಹಳೆಯ ರೂಢಿ. ನಿಮ್ಮಲ್ಲೂ ಹಾಗೇ ಮಾಡಿ. ಯಾರಿಗೆಷ್ಟು ಎನ್ನುವುದನ್ನು ರೇಸಿಗೆ ಮೊದಲೇ ಮಾತಾಡಿಕೊಳ್ಳಿ. ಗೆದ್ದ ಮೇಲೆ ಆ ಮಾತು ತೆಗೆಯಲು ಗಾಳಿ ತಿಂದವನಿಗೆ ಸಂಕೋಚವಾಗುತ್ತದೆ.