ಕಂಬದ ಬುಡವೇ ಯಾಕೆ ಮೊದಲು ಕೊಳೆಯುತ್ತೆ?

ಈ ಮಳೆಗಾಲದಲ್ಲಿ ಸಾಗರದ ಹತ್ತಿರ ಅಜ್ಜಿ ಮನೆಗೆ ಹೋಗಿದ್ದೆ. ಕೊಟ್ಟಿಗೆ ಕಂಬದ ಬುಡಕ್ಕೆ ಬೆರಳು ಒತ್ತಿದ್ರೆ ಬಿಸ್ಕತ್ತಿನ ಹಾಗೆ ಪುಡಿಯಾಯ್ತು. ಮೇಲೆ ಮಾತ್ರ ಗಟ್ಟಿ! "ನೀರು ಕುಡ್ದು ಹಾಳಾತು" ಅಂದ್ರು ಅಜ್ಜಿ. ಅದು ಅರ್ಧ ಸರಿ.

ಮರ ತಿನ್ನೋದು ನೀರಲ್ಲ, ಶಿಲೀಂಧ್ರ. ಅದಕ್ಕೆ ಆಹಾರ, ಗಾಳಿ, ನೀರು ಮೂರೂ ಬೇಕು. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ರೆ ಅದು ಬೆಳೆಯಲ್ಲ. ಪೂರ್ತಿ ನೀರಲ್ಲಿ ಮುಳುಗಿದ ಮರಕ್ಕೆ ಗಾಳಿ ಸಿಗಲ್ಲ, ಹಾಗಾಗಿ ಅದೂ ಬೇಗ ಕೊಳೆಯಲ್ಲ. ಕಂಬ ಮಣ್ಣು ಮುಟ್ಟುವ ಜಾಗದಲ್ಲಿ ಮೂರೂ ಒಟ್ಟಿಗೆ ಸಿಗುತ್ತೆ.

ನೀರು, ಗಾಳಿ ತಡೆಯೋಕಾಗದಿದ್ರೆ ಆಹಾರಕ್ಕೇ ವಿಷ ಸೇರಿಸಬೇಕು. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ ಕಂಡುಹಿಡಿದ ಸಿಸಿಎ ಮಾಡೋದು ಇದನ್ನೇ. ಅದರಲ್ಲಿ ತಾಮ್ರ ಶಿಲೀಂಧ್ರವನ್ನು, ಆರ್ಸೆನಿಕ್ ಗೆದ್ದಲನ್ನು ತಡೆಯುತ್ತೆ. ಕ್ರೋಮಿಯಂ ಇವೆರಡನ್ನೂ ಮರದೊಳಗೆ ಹಿಡಿದಿಡುತ್ತೆ. ಬ್ರಷ್‌ನಲ್ಲಿ ಬಳಿದ್ರೆ ಸಾಲದು, ಸಿಲಿಂಡರಿನಲ್ಲಿಟ್ಟು ಒತ್ತಡ ಕೊಟ್ಟು ಒಳಗಿಳಿಸಬೇಕು.

ಒಂದು ಎಚ್ಚರಿಕೆ. ನಮ್ಮೂರಲ್ಲಿ ಹಳೇ ಮರವೆಲ್ಲ ಬಚ್ಚಲ ಒಲೆಗೇ ಹೋಗೋದು. ಸಿಸಿಎ ಹಾಕಿದ ಮರ ಸುಟ್ರೆ ಆರ್ಸೆನಿಕ್ ಹೊಗೆಗೂ ಬೂದಿಗೂ ಸೇರುತ್ತೆ. ಅದೇ ಬೂದಿಯಲ್ಲಿ ಪಾತ್ರೆ ತಿಕ್ತೀವಿ, ಗಿಡಕ್ಕೂ ಹಾಕ್ತೀವಿ. ದಯವಿಟ್ಟು ಸುಡಬೇಡಿ.

ಅಜ್ಜಿ ಮನೆಯ ಜಗಲಿ ಕಂಬಗಳು ಕಲ್ಲಿನ ಮೇಲೆ ನಿಂತಿವೆ, ಸೂರಿನ ಕೆಳಗೆ ಒಣಗಿಯೇ ಇವೆ. ಯಾವ ಮದ್ದೂ ಹಾಕಿಲ್ಲ, ಇನ್ನೂ ಗಟ್ಟಿ. ಕೊಟ್ಟಿಗೆಯ ಹೊಸ ಕಂಬವನ್ನೂ ಮಾವ ಕಲ್ಲಿನ ಮೇಲೇ ನಿಲ್ಲಿಸಿದ್ರು. ಮೊದಲು ಮರವನ್ನು ಒಣಗಿಸಿಡಿ; ಅದು ಆಗದ ಕಡೆ ಮಾತ್ರ ರಾಸಾಯನಿಕ.