ಸರ್ ಎಂ.ವಿ. ಹುಟ್ಟಿದ್ದು ಯಾವ ವರ್ಷ? – ಗ್ರಂಥಾಲಯದಲ್ಲಿ ಹುಡುಕುವ ಬಗೆ



ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ ಹತ್ತಿರವಾದಂತೆ ಸರ್ ಎಂ. ವಿಶ್ವೇಶ್ವರಯ್ಯನವರ ಕುರಿತ ನಿಮ್ಮ ಪ್ರಾಜೆಕ್ಟುಗಳು ನಮ್ಮ ಮೇಜಿಗೆ ಬರುತ್ತವೆ. ಅಂದವಾದ ಹೊದಿಕೆ, ಬಣ್ಣದ ಚಿತ್ರಗಳು, ಎಲ್ಲವೂ ಚೆನ್ನ. ಆದರೆ ಅವರ ಜನ್ಮವರ್ಷವನ್ನು ಕೆಲವರು 1860 ಎಂದೂ ಇನ್ನು ಕೆಲವರು 1861 ಎಂದೂ ಬರೆದಿರುತ್ತೀರಿ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಉತ್ತರ ಒಂದೇ: "ಇಂಟರ್‌ನೆಟ್‌ನಲ್ಲಿ, ಟೀಚರ್." ಇದು "ಲೈಬ್ರರಿಯಲ್ಲಿ ಸಿಕ್ಕಿತು" ಎಂದಷ್ಟೇ ಹೇಳಿದ ಹಾಗೆ. ಯಾವ ಪುಟ, ಬರೆದವರು ಯಾರು ಎಂಬುದು ನಮಗೆ ಬೇಕು.

ಈ ಒಂದು ಪ್ರಶ್ನೆಯನ್ನೇ ಹಿಡಿದು ಗ್ರಂಥಾಲಯದೊಳಗೆ ಹೋಗೋಣ. ನಮ್ಮಲ್ಲಿ ಪುಸ್ತಕಗಳನ್ನು ಜೋಡಿಸಿರುವುದು ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯಂತೆ. ಜೀವನಚರಿತ್ರೆಗಳು 920ರಲ್ಲಿ, ಭಾರತದ ಇತಿಹಾಸ 954ರಲ್ಲಿ, ಅಣೆಕಟ್ಟುಗಳು 627ರಲ್ಲಿ. ಕೃಷ್ಣರಾಜಸಾಗರವನ್ನೂ ಸೇರಿಸಿ ಬರೆಯುವವರು ಮೂರೂ ಕಪಾಟು ನೋಡಬೇಕು. ಒಂದೇ ಕಪಾಟು ನೋಡಿ "ಪುಸ್ತಕವೇ ಇಲ್ಲ" ಎಂದು ಹಿಂತಿರುಗುವವರೇ ಹೆಚ್ಚು! ಗ್ರಂಥಪಾಲಕರನ್ನು ಕೇಳಲು ಸಂಕೋಚ ಬೇಡ. ಓದುಗರ ಸಮಯ ಉಳಿಸಬೇಕು ಎಂಬುದನ್ನು ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ನಿಯಮಗಳಲ್ಲಿ ಒಂದಾಗಿ ಬರೆದಿಟ್ಟಿದ್ದಾರೆ.

ಕ್ಯಾಟಲಾಗಿನಲ್ಲಿ ಕನ್ನಡದ ಮಕ್ಕಳು ಎಡವುವುದು ಸ್ಪೆಲಿಂಗಿನಲ್ಲಿ. ನಾವು ಉಚ್ಚರಿಸುವಂತೆ 'ಎಸ್' ಪಕ್ಕ 'ಎಚ್' ಸೇರಿಸಿದರೆ ಏನೂ ಸಿಗದೆ ಹೋಗಬಹುದು. 1951ರಲ್ಲಿ ಬಂದ ಅವರ ನೆನಪುಗಳ ಇಂಗ್ಲಿಷ್ ಪುಸ್ತಕದ ಮೇಲೆ ಹೆಸರಿನಲ್ಲಿ 'ಎಚ್' ಇಲ್ಲ. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರಿನಲ್ಲೂ ಇಲ್ಲ. ಎರಡು ಮೂರು ರೀತಿಯಲ್ಲಿ ಬರೆದು ಹುಡುಕಿ.

ಈಗ ಜನ್ಮವರ್ಷಕ್ಕೆ ಬರೋಣ. ಐದು ವೆಬ್‌ಸೈಟುಗಳಲ್ಲಿ 1861 ಎಂದಿದ್ದ ಮಾತ್ರಕ್ಕೆ ಐದು ಸಾಕ್ಷಿಗಳು ಸಿಕ್ಕಂತಲ್ಲ. ಅವನ್ನು ಅಕ್ಕಪಕ್ಕ ಇಟ್ಟು ಓದಿ. ವಾಕ್ಯಗಳು ಅಕ್ಷರಶಃ ಒಂದೇ ಆಗಿದ್ದರೆ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಿದ್ದಾರೆ ಎಂದು ತಿಳಿಯಿರಿ. ಆಗ ಇರುವುದು ಒಂದೇ ಸಾಕ್ಷಿ. ಬೇರೆ ಬಗೆಯ ಆಧಾರವೊಂದು ಬೇಕು. ಅಂಚೆಚೀಟಿ ಅಂಥದ್ದು. ಭಾರತದ ಅಂಚೆ ಇಲಾಖೆ ಅವರ ಜನ್ಮಶತಮಾನೋತ್ಸವದ ಚೀಟಿ ಹೊರತಂದದ್ದು 1960ರ ಸೆಪ್ಟೆಂಬರ್ 15ರಂದು, ಅವರು ಬದುಕಿದ್ದಾಗಲೇ. (ಅವರು ತೀರಿಕೊಂಡದ್ದು 1962ರಲ್ಲಿ.) ನೂರು ಕಳೆದರೆ 1860. ಅವರ ಕಣ್ಣೆದುರೇ ನಡೆದ ಲೆಕ್ಕವಾದ್ದರಿಂದ ನಾವು ಇದಕ್ಕೆ ಹೆಚ್ಚು ತೂಕ ಕೊಡುತ್ತೇವೆ.

"ನೂರನೆಯ ವರ್ಷಕ್ಕೆ ಕಾಲಿಟ್ಟಾಗಲೇ ಶತಮಾನೋತ್ಸವ ಮಾಡುವುದೂ ಉಂಟಲ್ಲ? ಹಾಗಾದರೆ 1861 ಆಗುತ್ತದೆ" ಎಂದು ಯಾರಾದರೂ ವಾದಿಸಿದರೆ ಶಹಬ್ಬಾಸ್! ಅಂಥವರು ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವನ್ನೂ ತೆರೆದು ನೋಡಲಿ. ಆಮೇಲೂ ಅನುಮಾನ ಉಳಿದರೆ ಎರಡೂ ವರ್ಷಗಳನ್ನು ಬರೆದು, ಯಾವುದು ಎಲ್ಲಿ ಸಿಕ್ಕಿತೆಂದು ತಿಳಿಸಲಿ.

ಪುಸ್ತಕವಾದರೆ ಲೇಖಕರು, ಹೆಸರು, ಪ್ರಕಟವಾದ ವರ್ಷ, ಪುಟ. ವೆಬ್‌ಸೈಟಾದರೆ ವಿಳಾಸ ಮತ್ತು ನೀವು ನೋಡಿದ ದಿನಾಂಕ. ಇದಕ್ಕೆಂದು ಪ್ರಾಜೆಕ್ಟಿನ ಕೊನೆಯ ಪುಟವನ್ನು ಖಾಲಿ ಬಿಡಿ. ಈ ವರ್ಷದಿಂದ ಆ ಪುಟಕ್ಕೂ ಅಂಕಗಳಿವೆ.