ಎಣ್ಣೆ ಕುಡಿದ ಮಣ್ಣಿಗೆ ತಿಪ್ಪೆಗೊಬ್ಬರದ ಮದ್ದು

ಡೀಸೆಲ್ ಪಂಪ್‌ಸೆಟ್ಟಿನ ಪಕ್ಕ, ಟ್ರ್ಯಾಕ್ಟರ್ ನಿಲ್ಲಿಸುವ ಜಾಗದಲ್ಲಿ ಕಪ್ಪಗೆ ಜಿಡ್ಡುಗಟ್ಟಿದ ನೆಲ ಕಾಣುತ್ತದೆ. ಅಲ್ಲಿ ಗರಿಕೆಯೂ ಚಿಗುರುವುದಿಲ್ಲ. ಒಂದು ಚೊಂಬು ನೀರು ಸುರಿದರೆ ಇಂಗದೆ, ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಉರುಳುತ್ತದೆ. ಎಣ್ಣೆ ಮಣ್ಣಿನ ಕಣಗಳಿಗೆ ಅಂಟಿ ನೀರು, ಗಾಳಿ ಎರಡನ್ನೂ ತಡೆದಿದೆ.

ಎಣ್ಣೆ ತಿನ್ನುವ ಜೀವಿಗಳು

ಸ್ಯೂಡೋಮೊನಾಸ್, ಬ್ಯಾಸಿಲಸ್ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳಿಗೆ ಡೀಸೆಲ್ಲೇ ಆಹಾರ. ಆದರೆ ಎಣ್ಣೆಯಲ್ಲಿ ಇಂಗಾಲ ಧಾರಾಳ, ಸಾರಜನಕ ಮತ್ತು ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಎಲೆ ತುಂಬ ಅನ್ನ ಬಡಿಸಿ ಸಾರು ಮರೆತ ಊಟದಂತೆ! 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಕಚ್ಚಾತೈಲ ಸೋರಿದಾಗ ದಡಕ್ಕೆ ಸಾರಜನಕ, ರಂಜಕದ ಗೊಬ್ಬರ ಹಾಕಿದ್ದು ಇದಕ್ಕಾಗಿಯೇ. ನಮ್ಮ ದೇಶದ ಟೆರಿ ಸಂಶೋಧನಾ ಸಂಸ್ಥೆಯ ‘ಆಯಿಲ್‌ಝ್ಯಾಪರ್’ ಎಂಬ ಮಿಶ್ರಣದಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳನ್ನು ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಬೆರೆಸಿ ಕೊಡುತ್ತಾರೆ. ರೈತರ ತಿಪ್ಪೆಯಲ್ಲಿ ಸೂಕ್ಷ್ಮಾಣುಗಳೂ ಪೋಷಕಾಂಶಗಳೂ ಒಟ್ಟಿಗೇ ಸಿಗುತ್ತವೆ.

ಮಾಡುವ ಕ್ರಮ

1. ಮೊದಲು ಸೋರಿಕೆ ನಿಲ್ಲಿಸಿ. ಮಳೆನೀರು ಬಾವಿಗೆ ಹರಿಯದಂತೆ ಸುತ್ತ ಬದು ಹಾಕಿ.

2. ಕಪ್ಪಾದಷ್ಟು ಆಳದ ಮಣ್ಣನ್ನು ಅಗೆದು ದಪ್ಪ ಟಾರ್ಪಾಲಿನ ಮೇಲೆ ಹರಡಿ, ಹೆಂಟೆ ಒಡೆಯಿರಿ.

3. ಮೂರು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಗಾಳಿಯಾಡಲು ಕಡಲೆಕಾಯಿ ಸಿಪ್ಪೆ ಅಥವಾ ತೆಂಗಿನ ನಾರಿನ ಪುಡಿ ಸ್ವಲ್ಪ ಸೇರಿಸಿ. ಬರೀ ನಾರಿನ ಪುಡಿ ಸುರಿದರೆ ಅದೇ ಇದ್ದಬದ್ದ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಒಂದೆರಡು ಹಿಡಿ ಕೋಳಿಗೊಬ್ಬರ ಇರಲಿ.

4. ಮೊಣಕಾಲೆತ್ತರದ ಗುಡ್ಡೆ ಮಾಡಿ, ವಾರಕ್ಕೊಮ್ಮೆ ಸನಿಕೆಯಿಂದ ತಿರುವಿಹಾಕಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ರಾಡಿಯಾದರೆ ಗಾಳಿಯಿಲ್ಲದೆ ಕೆಲಸ ನಿಲ್ಲುತ್ತದೆ. ಜೋರು ಮಳೆ ಬಂದರೆ ಮುಚ್ಚಿಡಿ.

ಡೀಸೆಲ್ ಬಿದ್ದ ಮಣ್ಣು ಕೆಲವು ತಿಂಗಳಲ್ಲಿ ಸುಧಾರಿಸೀತು. ಗಟ್ಟಿ ಎಣ್ಣೆಯಾದರೆ ವರ್ಷವೂ ಹಿಡಿದೀತು.

ಹೆಸರುಕಾಳಿನ ಪರೀಕ್ಷೆ

ಎರಡು ತಟ್ಟೆಗಳಲ್ಲಿ ಹತ್ತು ಹತ್ತು ಹೆಸರುಕಾಳು ಬಿತ್ತಿ: ಒಂದರಲ್ಲಿ ಗುಡ್ಡೆಯ ಮಣ್ಣು, ಇನ್ನೊಂದರಲ್ಲಿ ಹೊಲದ ಒಳ್ಳೆಯ ಮಣ್ಣು. ವಾರದ ನಂತರ ಎರಡರಲ್ಲೂ ಮೊಳಕೆ, ಬೇರು ಒಂದೇ ಸಮ ಬಂದಿದ್ದರೆ ಮಣ್ಣು ಚೇತರಿಸಿದೆ. ಇಷ್ಟರಿಂದಲೇ ಅದು ತರಕಾರಿಗೆ ಯೋಗ್ಯ ಎನ್ನಲಾಗದು. ಅಂಥ ಮಣ್ಣನ್ನು ಬೇಲಿಸಾಲಿನ ಗಿಡಗಳಿಗೆ ಬಳಸಿ.

ಎಚ್ಚರ

ಹಳೇ ಎಂಜಿನ್ ಆಯಿಲ್‌ನಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳಿರಬಹುದು. ಎಣ್ಣೆ ಕರಗಿದರೂ ಲೋಹ ಕರಗದು. ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಅಂಥ ಆಯಿಲ್ ಬಿದ್ದ ಮಣ್ಣನ್ನು ಎಲ್ಲಿಯೂ ಹಾಕಬೇಡಿ. ಟ್ಯಾಂಕರ್ ಮಗುಚಿದಂಥ ದೊಡ್ಡ ಸೋರಿಕೆಗೆ ಮನೆಮದ್ದು ಸಾಲದು, ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ. ಗೆದ್ದಲು ಬಾರದಿರಲೆಂದು ಕಂಬದ ಬುಡಕ್ಕೆ ಹಳೇ ಆಯಿಲ್ ಸುರಿಯುವ ರೂಢಿಯನ್ನೂ ಬಿಡಿ.

ಟಿಲ್ಲರಿನ ಆಯಿಲ್ ಬದಲಿಸುವಾಗ ಕೆಳಗೊಂದು ಹಳೇ ಬಾಣಲೆ ಇಟ್ಟರೆ ಎಣ್ಣೆ ಕ್ಯಾನು ಸೇರುತ್ತದೆ. ತಿಂಗಳುಗಟ್ಟಲೆ ಗುಡ್ಡೆ ತಿರುವುವ ಕೆಲಸವೂ ಉಳಿಯುತ್ತದೆ.